ಇಂಟರ್ನೆಟ್ಟಿಗೆ ಅಡ್ಡ ನಿಂತ ಬಾಳೆ

ಕಣ್ಣಿಗೆ ಕಾಣದ ಸರಕು ಮಾರುವವರು ಲೋಕದಲ್ಲಿ ಎರಡೇ ಬಗೆ: ಪುಣ್ಯ ಮಾರುವವರು, ನನ್ನಂತೆ ವೈರ್‌ಲೆಸ್ ಇಂಟರ್ನೆಟ್ ಮಾರುವವರು. ಪುಣ್ಯ ಸಿಗಲಿಲ್ಲವೆಂದು ದೂರಲು ಗಿರಾಕಿ ಮೇಲಿಂದ ತಿರುಗಿ ಬರುವುದಿಲ್ಲ. ನನ್ನ ಗಿರಾಕಿಯಾದರೋ ಸರಿಯಾಗಿ ನಾನು ರೊಟ್ಟಿ ಮುರಿಯುವ ಹೊತ್ತಿಗೆ ಫೋನ್ ಮಾಡುತ್ತಾನೆ. ಏಳನೇ ಕ್ಲಾಸಿನಲ್ಲಿ ನಾನು ಶಾಲೆಯನ್ನೂ ಶಾಲೆ ನನ್ನನ್ನೂ ಬಿಟ್ಟ ಮೇಲೆ ಹೊಸಪೇಟೆಯ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತೆ. ಆಮೇಲೆ ಸಂಡೂರಿನ ಗಣಿಗಳಿಗೆ ವಾಕಿಟಾಕಿ ಕೊಟ್ಟೆ. ಆಗ ಮೈಮೇಲೆ ಎಷ್ಟು ಕೆಂಪು ಧೂಳೆಂದರೆ, ಮನೆಗೆ ಬಂದಾಗ ಹೆಂಡತಿ ದನಿ ಕೇಳಿಯೇ ಬಾಗಿಲು ತೆಗೆಯುತ್ತಿದ್ದಳು. ಈಗ ಕಂಪ್ಲಿಯ ಅಕ್ಕಿ ಗಿರಣಿಗಳಿಗೂ ಹಂಪಿಯ ಗೆಸ್ಟ್ ಹೌಸ್‌ಗಳಿಗೂ ನೆಟ್ ನನ್ನದೇ. ವಿಸಿಟಿಂಗ್ ಕಾರ್ಡಿನ ಮೇಲೆ ‘ಸಂಸ್ಥಾಪಕ’ ಎಂದು ಬಂಗಾರದ ಬಣ್ಣದಲ್ಲಿ ಹಾಕಿಸಿದ್ದೇನೆ. ಇಷ್ಟಾದರೂ ಹಂಪಿಯಲ್ಲಿ ಬಾಳೆ ತೋಟವಿರುವ ನನ್ನ ಮಾವನವರು ಯಾರಾದರೂ ಕೇಳಿದರೆ, “ನಮ್ಮ ಅಳಿಯಾರದು ಗಾಳಿ ಯಾಪಾರ” ಎನ್ನುತ್ತಾರೆ. ಈ ಮನುಷ್ಯನ ಮುಂದೆ ಒಂದು ದಿನವೂ ತಲೆ ತಗ್ಗಿಸಬಾರದು ಎನ್ನುವುದೇ ನಾನು ಇಷ್ಟು ದುಡಿದಿದ್ದಕ್ಕೆ ಅರ್ಧ ಕಾರಣ.

ಹೀಗಿರುವಾಗ ಹಂಪಿಯ ಗೆಸ್ಟ್ ಹೌಸಿನ ಗಂಗಕ್ಕ ಫೋನ್ ಮಾಡಿದರು. ಆ ಓಣಿಯಲ್ಲಿ ಗಂಗಕ್ಕ ಯಾರ ನೆಟ್ ಹಾಕಿಸುತ್ತಾರೋ ಎಲ್ಲರದೂ ಅದೇ.

“ಅಣ್ಣಾರ, ನೆಟ್ ಮತ್ತ ಹೋತ್ರಿ.”

“ನಿಮ್ಮ ಮಾಳಿಗಿ ಡಿಶ್ಶಿನ ಮ್ಯಾಲೆ ಮಂಗ್ಯಾ ಕುಂತಿರಬೇಕ್ರೀ ಅಕ್ಕಾ.”

“ಮಂಗ್ಯಾಗೋಳು ನಿಮಗಿಂತ ಮೊದ್ಲಿಂದ ಇಲ್ಲೇ ಅದಾವ್ರಿ. ಶನಿವಾರದೊಳಗ ಸರಿ ಆಗ್ಲಿಲ್ಲಂದ್ರ ನಿಮ್ಮ ಡಿಶ್ಶಿನ ತಾಟು ಬಿಚ್ಚಿಡ್ತೀನಿ. ಬ್ಯಾರೆ ಕಂಪನ್ಯಾವ್ರು ಬಂದು ಕುಂತಾರ.”

ಮಂಗನ ಮೇಲಿನ ಆರೋಪ ಸಾಬೀತಾಗಲಿಲ್ಲ. ಬಿಸಿಲು, ತೇವ, ಕರೆಂಟು ಎಲ್ಲವನ್ನೂ ಬೈದು ಮುಗಿಸಿ, ಕೊನೆಗೆ ನಾನೇ ಅವರ ಮಾಳಿಗೆ ಹತ್ತಿದೆ. ಡಿಶ್ ನೆಟ್ಟಗೇ ಇತ್ತು. ಆದರೆ ಗುಡ್ಡದ ಮೇಲಿನ ನನ್ನ ಕಂಬ ಕಾಣಬೇಕಾದ ಜಾಗದಲ್ಲಿ ಬಾಳೆಎಲೆಗಳು ತೊನೆಯುತ್ತಿದ್ದವು. ಕಂಬಕ್ಕೂ ಡಿಶ್ಶಿಗೂ ಮುಖಾಮುಖಿ ಇರಬೇಕು. ನಡುವೆ ನೀರು ತುಂಬಿದ ಬಾಳೆಎಲೆ ಬಂದರೆ ಸಿಗ್ನಲ್ ಅಲ್ಲೇ ಮುಳುಗುತ್ತದೆ. ನಾನು ಡಿಶ್ ಹಾಕಿದಾಗ ಅಲ್ಲಿ ಆಗಷ್ಟೇ ನೆಟ್ಟ ಸಸಿಗಳಿದ್ದವು. ‘ಎಷ್ಟು ಬಯಲು, ಎಂಥಾ ಸಿಗ್ನಲ್’ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಬಾಳೆ ನೆಡುವುದು ಬೆಳೆಯಲಿಕ್ಕೆ ಎಂಬುದು ಬಾಳೆ ಬೆಳೆಯುವವರ ಮನೆಯ ಅಳಿಯನಿಗೆ ಹೊಳೆದಿರಲಿಲ್ಲ. ಕಂಬ ಎತ್ತರಿಸೋಣವೆಂದರೆ, ಹಂಪಿಯಲ್ಲಿ ಮನಸ್ಸಿಗೆ ಬಂದಷ್ಟು ಎತ್ತರಕ್ಕೆ ಏನನ್ನೂ ನಿಲ್ಲಿಸುವಂತಿಲ್ಲ. ತೋಟ ಯಾರದೆಂದು ಬೇರೆ ಹೇಳಬೇಕೆ? ನಮ್ಮ ಮಾವನವರದೇ.

“ಅಡ್ಡ ಬಂದವು ಒಂದೆರಡು ಸಾಲು ಕಡಿಸಿದ್ರ…” ಎಂದೆ, ಅವರ ಕಟ್ಟೆಯ ತುದಿಯಲ್ಲಿ ಕೂತು.

“ಗೊನಿ ಹೊತ್ತು ನಿಂತಾವ್ರಿ. ತುಂಬು ಬಸುರ್ಯಾರ ಮ್ಯಾಲೆ ಕುಡುಗೋಲು ಎತ್ತಂತೀರೇನು?” ಎಂದವರು ಒಳಗೆ ಮುಖ ಮಾಡಿ ಕೂಗಿದರು: “ಏ, ಕೇಳಿದ್ಯಾ? ಅಳಿಯಾರ ಕಂಪನೀನ ನಮ್ಮ ಬಾಳಿಗಿಡ ನಿಲ್ಲಿಸಿಬಿಟ್ಟೈತಂತ!”

ಒಳಗಿನಿಂದ ಅತ್ತೆಯವರು ನಕ್ಕರು. ತವರಿಗೆ ಬಂದಿದ್ದ ನನ್ನ ಹೆಂಡತಿ ಅವರಿಗಿಂತ ಜೋರಾಗಿ ನಕ್ಕಳು.

ಸಾಕಷ್ಟು ನಗಿಸಿದ ಮೇಲೆ ಮಾವನವರೇ ನನ್ನನ್ನು ತೋಟದ ಅಂಚಿನ ಬಂಡೆಗೆ ಹತ್ತಿಸಿದರು. ಕಾಯಿ ಕದಿಯುವ ಮಂಗಗಳನ್ನು ಅವರು ಬೆದರಿಸುವುದು ಅಲ್ಲಿಂದಲೇ. ಅಲ್ಲಿಂದ ನೋಡಿದರೆ ಬಾಳೆಯ ನೆತ್ತಿಯ ಮೇಲೆ ಒಂದು ಕಡೆ ನನ್ನ ಕಂಬದ ಗುಡ್ಡ, ಇನ್ನೊಂದು ಕಡೆ ಗಂಗಕ್ಕನ ಮಾಳಿಗೆ. ನಡುವೆ ಏನೂ ಇಲ್ಲ. ಮರುದಿನವೇ ಪಂಪ್‌ಸೆಟ್ ಮನೆಯಿಂದ ಕರೆಂಟು ಎಳೆದು ಬಂಡೆಯ ಮೇಲೆ ಗುಡ್ಡದ ಕಡೆಗೊಂದು, ಗಂಗಕ್ಕನ ಮಾಳಿಗೆಯ ಕಡೆಗೊಂದು ಡಿಶ್ ಕೂರಿಸಿದೆ. ಶನಿವಾರಕ್ಕೆ ಮೊದಲೇ ನೆಟ್ ಓಡಿತು. ಓಣಿ ಉಳಿಯಿತು.

ಆದರೆ ಈಗ ನೆಟ್ ಕುಂಟಿದರೆ ಗಂಗಕ್ಕ ನನಗೆ ಫೋನ್ ಮಾಡುವುದಿಲ್ಲ, ನೇರ ತೋಟಕ್ಕೇ ಬರುತ್ತಾರೆ. ಮೊನ್ನೆ ಗಾಳಿಗೆ ಡಿಶ್ ಸರಿದಿತ್ತು. ಬಂಡೆಯ ಕೆಳಗೆ ನಿಂತು ಮಾವನವರು ಗಂಗಕ್ಕನಿಗೆ ಹೇಳುತ್ತಿದ್ದರು: “ನಮ್ಮ ಅಳಿಯಾರು ಭಾಳ ಛಲೋ ಮನುಷ್ಯಾರು ಬಿಡವ್ವಾ. ಆದ್ರ ಕಂಪನಿ ಅಂದಮ್ಯಾಲೆ ಎಲ್ಲಾ ನಾನಽ ನೋಡ್ಕೋಬೇಕಾಗೈತಿ.”

ತಿರುಗಿ ಜವಾಬು ಕೊಡಬೇಕೆಂದೇ ಬಾಯಿ ತೆರೆದೆ. ಎರಡೂ ಕೈಯಲ್ಲಿ ಡಿಶ್ ಹಿಡಿದು ಬಂಡೆಯ ಮೇಲೆ ಬಿಸಿಲಲ್ಲಿ ನಿಂತಿದ್ದ ಸಂಸ್ಥಾಪಕನ ಬಾಯಿಂದ ಬಂದದ್ದು ಇಷ್ಟೇ:

“ಇನ್ನೊಂಚೂರು ಬಲಕ್ಕ ತಿರಗಿಸ್ಲೇನ್ರಿ, ಮಾವಾರ?”