ಭಾಸ್ಕರರ ಸಾಲಿನಲ್ಲಿ ನನ್ನ ತಮ್ಮ

ಆಗ ನನಗೆ ಅರವತ್ತಾರು. ಈಗ ಅದಕ್ಕೆ ಐದು ವರ್ಷವಾಯಿತು. ಆ ವರ್ಷ ನನ್ನ ತಮ್ಮ ಸ್ವಲ್ಪ ದಿನ ಸತ್ತಿದ್ದ. ಗಾಬರಿಯಾಗಬೇಡಿ, ಊಟದ ಹೊತ್ತಿಗೆ ಎದ್ದು ಕುಳಿತುಕೊಳ್ಳುತ್ತಿದ್ದ. ಸಂಜೆ ಚಹಾಕ್ಕೂ ಏಳುತ್ತಿದ್ದ. ನಡುವೆ ಬೀಡಿ ಸೇದಲು ಹಿತ್ತಿಲಿಗೆ ಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಉಳಿದ ಹೊತ್ತೆಲ್ಲ ಶುದ್ಧ ಹೆಣ!

ಈ ಸಾವು ಯಾಕೆ ಬಂತೆಂದು ಹೇಳಬೇಕಾದರೆ ಅವನ ಹೆಸರಿನಿಂದ ಶುರುಮಾಡಬೇಕು. ಹೆಸರು ಭಾಸ್ಕರ. ಅದರಲ್ಲೇನು ವಿಶೇಷ ಎಂದು ನೀವು ಕೇಳುತ್ತೀರಿ. ನಾನೂ ಜೀವಮಾನವಿಡೀ ಅದನ್ನೇ ಕೇಳಿದ್ದೇನೆ. ಉಡುಪಿಯ ಬಸ್ ನಿಲ್ದಾಣದಲ್ಲಿ ನಿಂತು "ಓ ಭಾಸ್ಕರಾ" ಎಂದು ಕೂಗಿ ನೋಡಿ, ಅರ್ಧ ನಿಲ್ದಾಣ ತಿರುಗುತ್ತದೆ. ತಿರುಗದ ಅರ್ಧ ಹೆಂಗಸರು!

ಅವನು ಉಡುಪಿ–ಕಾರ್ಕಳ ಬಸ್ಸಿನಲ್ಲಿ ಕಂಡಕ್ಟರನಾಗಿದ್ದ. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಾಗೆಲ್ಲ ಬಸ್ಸಿಗೆ ಹೊತ್ತಾಯಿತೆಂದು ಅರ್ಧದಲ್ಲಿ ಎದ್ದು ಬರುತ್ತಿದ್ದ, ಯಾರು ಕೊಡುತ್ತಾರೆ? ನನ್ನ ಗಂಡ ತೀರಿಕೊಂಡ ಮೇಲೆ ಶಂಕರಪುರದ ನಮ್ಮ ಮನೆಗೇ ಬಂದು ಉಳಿದ. ನಾನು ಮಲ್ಲಿಗೆ ಕೊಯ್ಯುವುದು, ಕಟ್ಟುವುದು. ಅವನು ಪಕ್ಕದಲ್ಲಿ ಕುಳಿತು ಬಾಳೆನಾರು ಸೀಳಿಕೊಡುತ್ತಾ ಭಾಸ್ಕರರ ಕಥೆ ಹೇಳುವುದು. ಯಾರೋ ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದ ಹಳೆಯ ಪತ್ರಿಕೆಯೊಂದರಿಂದ ಈ ರೋಗ ಹಿಡಿದದ್ದು. ಲೋಕದಲ್ಲಿ ತನ್ನ ಹೆಸರಿನ ದೊಡ್ಡವರು ಎಷ್ಟು ಜನ ಆಗಿಹೋಗಿದ್ದಾರೆ ಎಂದು ಹುಡುಕುವ ರೋಗ.

"ಲೆಕ್ಕದಲ್ಲಿ ಹೆಸರು ಮಾಡಿದ ಭಾಸ್ಕರರು ಇಬ್ಬರು ಅಕ್ಕ! ಒಬ್ಬ ಹೋಗಿ ಐನೂರು ವರ್ಷದ ಮೇಲೆ ಇನ್ನೊಬ್ಬ!"

"ನೀನು ಹತ್ತನೆಯಲ್ಲಿ ಲೆಕ್ಕದಲ್ಲಿ ಮೂರು ಸಲ ಬಿದ್ದವ."

"ಅದಕ್ಕೇ ಹೇಳಿದ್ದು, ಇಬ್ಬರೇ ಅಂತ. ಕನ್ನಡದಲ್ಲಿ ಹಳೆಯ ಕಾಲದ ಕವಿ ಒಬ್ಬ ಉಂಟು. ವೇದಾಂತದಲ್ಲಿ ವಾದ ಮಾಡಿದವ ಒಬ್ಬ ಉಂಟು. ಅಸ್ಸಾಮಿನ ಕಡೆ ರಾಜನೇ ಆಗಿದ್ದವ ಒಬ್ಬ ಉಂಟು. ಅಷ್ಟೇ ಅಲ್ಲ, ಸರಕಾರ ಆಕಾಶಕ್ಕೆ ಹಾರಿಸಿದ ಉಪಗ್ರಹಕ್ಕೂ ಭಾಸ್ಕರ ಅಂತಲೇ ಹೆಸರು!"

"ಅದು ಈಗ ಎಲ್ಲಿ ಉಂಟು?"

ಅವನು ತಲೆ ಕೆರೆದುಕೊಂಡ. "ಬಿದ್ದು ಸುಟ್ಟುಹೋಯಿತು."

"ಹಾಗಾದರೆ ಅದು ಮಾತ್ರ ನಿನ್ನ ಖಾಸಾ ಸಂಬಂಧಿ" ಎಂದೆ.

ಬಸ್ಸಿನಲ್ಲಿದ್ದಾಗ ಭಾಸ್ಕರ ಹೆಸರಿನವರು ಹತ್ತಿದರೆ ಎದುರಿನ ಸೀಟು ಕೊಡುತ್ತಿದ್ದನಂತೆ. ಕುಳಿತವರನ್ನು ಎಬ್ಬಿಸಿ ಕೊಡುವುದು! ಸುದ್ದಿ ಹರಡಿತು. ಹಿರಿಯಡಕದಲ್ಲಿ ಹತ್ತಿದವನೂ ಭಾಸ್ಕರ, ಪರ್ಕಳದಲ್ಲಿ ಹತ್ತಿದವನೂ ಭಾಸ್ಕರ. ಕೊನೆಗೆ ಒಂದು ದಿನ ಹೂಡೆಯ ಮೀನಿನ ಹೆಂಗಸೊಬ್ಬಳು ಬುಟ್ಟಿ ಹೊತ್ತು ಹತ್ತಿ ನೇರ ಎದುರಿಗೆ ಹೋಗಿ ಕುಳಿತಳು.

"ಅದು ಭಾಸ್ಕರರ ಸೀಟು" ಎಂದ ಇವನು.

"ಗೊತ್ತುಂಟು ಮಾರಾಯ. ನನ್ನ ಗಂಡನ ಹೆಸರು ಅದೇ."

"ಗಂಡ ಎಲ್ಲಿ?"

"ಮನೆಯಲ್ಲಿ ಬಲೆ ಹೆಣೆಯುತ್ತಿದ್ದಾರೆ. ಅವರ ಬದಲಿಗೆ ನಾನು. ನನ್ನ ಪಕ್ಕದ ಸೀಟು ನನ್ನ ಭಾವನದ್ದು. ಅವರೂ ಭಾಸ್ಕರ. ಅವರ ಬದಲಿಗೆ ಬುಟ್ಟಿ."

ಆ ದಿನ ಬಸ್ಸಿನವರೆಲ್ಲ ಹಿಂದೆ ಒತ್ತಿ ನಿಂತರು. ಬಂಗುಡೆ ಮೀನು ಎದುರಿಗೆ ಕುಳಿತು ಕಾರ್ಕಳ ಮುಟ್ಟಿತು.

ಕಾರ್ಕಳದ ಹತ್ತಿರ ಹಳೆಯ ಬಸದಿಯೊಂದರ ಅಂಗಳದಲ್ಲಿ ಅಕ್ಷರ ಕೆತ್ತಿದ ಕಲ್ಲೊಂದು ಬಿದ್ದಿತ್ತು. ಅದರಲ್ಲಿ ತನ್ನ ಹೆಸರು ಇದ್ದೇ ಇರುತ್ತದೆ ಎಂದು ಇವನಿಗೆ ಹೇಗೋ ಅನ್ನಿಸಿತು. ರಜೆ ಸಿಕ್ಕಿದಾಗೆಲ್ಲ ಹೋಗಿ ಅದಕ್ಕೆ ಇದ್ದಿಲು ಉಜ್ಜುವುದು, ನೀರು ಹೊಯ್ಯುವುದು, ಮೂತಿ ಹತ್ತಿರ ಇಟ್ಟು ನೋಡುವುದು. ಅಲ್ಲಿನ ಎಮ್ಮೆಗಳು ಕೂಡ ಇವನನ್ನು ಕಂಡು ದಾರಿ ಬಿಡತೊಡಗಿದವು. ಕೊನೆಗೆ ಹಳೆಯ ಅಕ್ಷರ ಓದಬಲ್ಲ ಮೇಷ್ಟ್ರೊಬ್ಬರನ್ನು ಕಾಡಿ ಬೇಡಿ ಕರೆತಂದ. ಅವರು ಓದಿದರು. ಹೆಸರು ನಿಜವಾಗಿಯೂ ಇತ್ತು! ದೇವರ ಗದ್ದೆಗೆ ದನ ಬಿಟ್ಟು ಪೈರು ಮೇಯಿಸಿದ ಭಾಸ್ಕರನೆಂಬವನು ತಪ್ಪಿಗೆ ದೀಪದ ತುಪ್ಪ ಕೊಡತಕ್ಕದ್ದು ಎಂದು ಬರೆದಿತ್ತಂತೆ.

ಬೇರೆಯವರಾದರೆ ಮುಖ ಮುಚ್ಚಿಕೊಂಡು ಮನೆಗೆ ಬರುತ್ತಿದ್ದರು. ಇವನು ಕುಣಿದುಕೊಂಡು ಬಂದ. "ಎಷ್ಟು ಸಾವಿರ ಜನ ಕಂಡವರ ಗದ್ದೆಗೆ ದನ ಬಿಟ್ಟಿರಬಹುದು ಅಕ್ಕ! ಕಲ್ಲಿನಲ್ಲಿ ಹೆಸರು ಬಂದದ್ದು ನಮ್ಮವನದ್ದು ಮಾತ್ರ!"

ಪಕ್ಕದ ಮನೆಯ ಆವರಣದ ಗೋಡೆ ಕಟ್ಟಲು ವಿಜಯಪುರದ ಕಡೆಯ ಮೇಸ್ತ್ರಿಯೊಬ್ಬ ಬಂದಿದ್ದ. ಲೆಕ್ಕದ ಎರಡನೆಯ ಭಾಸ್ಕರ ಅದೇ ಸೀಮೆಯವನಂತೆ. ನನ್ನ ತಮ್ಮ ಬೇಲಿ ಹಾರಿ ಹೋಗಿ ಆ ಮೇಸ್ತ್ರಿಯ ಸಿಮೆಂಟಿನ ಕೈ ಹಿಡಿದುಕೊಂಡ.

"ನೀವು ನಮ್ಮ ಭಾಸ್ಕರನ ಊರಿನವರು!"

"ಯಾವ ಭಾಸ್ಕರ್ರೀ ಯಜಮಾನ್ರ? ಸಿಮೆಂಟ್ ಅಂಗಡಿಯಾಂವನೇನ್ರಿ?"

"ಲೆಕ್ಕದಲ್ಲಿ ಬಹಳ ಹುಷಾರು."

"ಹೌದ್ರಿ, ಅವನ! ಲೆಕ್ಕದಾಗ ಭಾಳ ಹುಷಾರ್ರಿ. ತೂಕದಾಗ ಮಾತ್ರ ಹೊಡೀತಾನ್ರಿ!"

ಅವತ್ತಿನಿಂದ ಸಿಮೆಂಟಿನ ಭಾಸ್ಕರನೂ ರಾಜನ ಪಕ್ಕದಲ್ಲಿ ಬಂದು ಕುಳಿತ. ಇವನ ಸಾಲಿನಲ್ಲಿ ಒಮ್ಮೆ ಸೇರಿದವರನ್ನು ಹೊರಗೆ ಹಾಕುವ ಕ್ರಮವಿಲ್ಲ.

ಇಷ್ಟರವರೆಗೆ ನಾನು ಸಹಿಸಿಕೊಂಡಿದ್ದೆ. ಆಗ ನನ್ನ ಮಗಳು ಹೆತ್ತಳು.

ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಮಗು. ಅಳಿಯ ದುಬೈಯಲ್ಲಿ. ಹೆರಿಗೆ ಮಣಿಪಾಲದ ಆಸ್ಪತ್ರೆಯಲ್ಲಿ. ಗಂಡು ಎಂದು ಗೊತ್ತಾದ ಕೂಡಲೇ ಇವನು ಕಾಣೆಯಾದ. ಮಿಠಾಯಿ ತರಲು ಹೋಗಿರಬೇಕು ಎಂದುಕೊಂಡೆ. ಬಂದಾಗ ಹಿಂದೆ ಮೂರು ಜನ ಮುದುಕರು! ಒಬ್ಬರ ಕಾಲಿಗೆ ಬ್ಯಾಂಡೇಜು. ಇನ್ನೊಬ್ಬರು ಗ್ಲುಕೋಸ್ ಬಾಟಲಿಯನ್ನು ತಮ್ಮದೇ ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದರು.

"ಅಮ್ಮ, ಮಾವ ಯಾರನ್ನೆಲ್ಲ ಕರ್ಕೊಂಡು ಬಂದಿದ್ದಾರೆ?" ಎಂದು ಮಗಳು ಹಾಸಿಗೆಯಿಂದಲೇ ಕಿರುಚಿದಳು.

"ಹೆದರಬೇಡ ಮಗಾ, ಎಲ್ಲ ನಮ್ಮ ಭಾಸ್ಕರರೇ. ಔಷಧಿ ಅಂಗಡಿಯ ಎದುರು ಹೆಸರು ಕೂಗುವಾಗ ಸಿಕ್ಕಿದರು." ಮತ್ತೆ ಮಗುವಿನ ಕಡೆಗೆ ಬಗ್ಗಿ, "ನೋಡು ಸಣ್ಣ ಭಾಸ್ಕರ, ನಿನ್ನ ಹೆಸರಿನವರು ನೋಡಲಿಕ್ಕೆ ಬಂದಿದ್ದಾರೆ!"

ಅವನ ಹೊಟ್ಟೆಯೊಳಗಿದ್ದ ಆಸೆ ಹೊರಬಿತ್ತು. ಮಗುವಿಗೆ ತನ್ನ ಹೆಸರು ಇಡಬೇಕು! ಇವನಿಗೆ ಹೆಂಡತಿ ಮಕ್ಕಳಿಲ್ಲ. ಅಷ್ಟು ಉದ್ದದ ಸಾಲು ತನ್ನಲ್ಲಿಗೆ ಬಂದು ನಿಂತುಹೋಗುತ್ತದಲ್ಲ, ತನ್ನ ಹಿಂದೆ ಒಬ್ಬನಾದರೂ ಬೇಕು. ಅಷ್ಟೇ ಅವನ ಆಸೆ. ಬೇರೆ ಏನನ್ನೂ ಅವನು ನಮ್ಮಲ್ಲಿ ಕೇಳಿದವನಲ್ಲ.

ಆದರೆ ನಮ್ಮ ಮನೆಯ ಪದ್ಧತಿ ಬೇರೆ. ತೀರಿಹೋದ ಹಿರಿಯರ ಹೆಸರನ್ನು ಮಗುವಿಗೆ ಇಡುತ್ತೇವೆ, ಬದುಕಿರುವವರದ್ದನ್ನು ಇಡುವುದಿಲ್ಲ. ಇಟ್ಟರೆ ದೊಡ್ಡವರ ಆಯುಷ್ಯ ಕಡಿಮೆಯಾಗುತ್ತದಂತೆ. ಇವನಿಗೂ ನಮ್ಮ ಅಜ್ಜಿಯ ಅಣ್ಣ ತೀರಿಹೋದ ಮೇಲೆಯೇ ಆ ಹೆಸರು ಸಿಕ್ಕಿದ್ದು. ಮೇಲಾಗಿ ಮಗಳೂ ಅಳಿಯನೂ ಫೋನಿನಲ್ಲಿ ಕುಳಿತು ವಿವಾನ್ ಎಂದು ಆರಿಸಿಟ್ಟಿದ್ದರು. ಅಂಗನವಾಡಿಯಲ್ಲಿ ಆ ಹೆಸರಿನವರು ಆಗಲೇ ಒಂದು ಬೆಂಚು ತುಂಬ ಇದ್ದರು, ಅದು ಬೇರೆ ವಿಷಯ.

ಮನೆಗೆ ಬಂದ ಮೇಲೆ ಮಗಳು ಮೆಲ್ಲಗೆ ಹೇಳಿದಳು: "ಮಾವ, ನೀವು ಬದುಕಿದ್ದೀರಲ್ವಾ? ಹೇಗೆ ಇಡುವುದು ಹೇಳಿ."

ಅವನು ತುಂಬ ಹೊತ್ತು ಯೋಚಿಸಿದ. "ಅದೊಂದೇ ಅಡ್ಡಿಯಾ?"

ಮರುದಿನ ಚಹಾಕ್ಕೆ ಕರೆದರೆ ಉತ್ತರವಿಲ್ಲ. ಹೋಗಿ ನೋಡಿದೆ. ಒಳಕೋಣೆಯಲ್ಲಿ ದಕ್ಷಿಣಕ್ಕೆ ತಲೆ ಹಾಕಿ, ಬಿಳಿ ಪಂಚೆ ಹೊದ್ದು, ಎದೆಯ ಮೇಲೆ ಕೈ ಜೋಡಿಸಿ ಮಲಗಿದ್ದ.

"ಎಂತ ಇದು?"

"ಮಾತಾಡಿಸಬೇಡ ಅಕ್ಕ. ನಾನು ಸತ್ತೆ. ಇನ್ನು ಹೆಸರು ಇಡಬಹುದು."

ನನಗೆ ಸಿಟ್ಟು ಬಂತು. ಸತ್ತರೆ ಸತ್ತ ಹಾಗೆ ಇರಲಿ! ತುಳುವಿನಲ್ಲಿ ನಾವು ಸತ್ತ ಹಿರಿಯರನ್ನು ಕುಲೆಗಳು ಎನ್ನುತ್ತೇವೆ. ವರ್ಷಕ್ಕೊಮ್ಮೆ ಬಾಳೆಎಲೆಯಲ್ಲಿ ಅನ್ನ, ಕೋಳಿ, ಮೀನು ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಕುಲೆಗಳು ಉಂಡಿರಬಹುದು ಅನ್ನಿಸಿದಾಗ ಕೆಮ್ಮಿ, ಬಾಗಿಲು ತಟ್ಟಿ ತೆರೆಯುತ್ತೇವೆ. ನಾನೂ ಹಾಗೆಯೇ ಮಾಡಿದೆ. ಮಧ್ಯಾಹ್ನ ಅವನ ಎದುರು ಎಲೆ ಹಾಕಿ, ಅನ್ನಕ್ಕೆ ಬಂಗುಡೆಯ ಸಾರು ಬಡಿಸಿ, ಕೈಮುಗಿದು, ಬಾಗಿಲು ಎಳೆದೆ.

ಒಳಗೆ ಸರ್ ಸುರ್ ಎಂದು ಶಬ್ದ ಬಂತು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿನ ಸಂದಿಯಿಂದ: "ಅಕ್ಕ, ಇನ್ನೊಂದು ತುಂಡು ಉಂಟಾ?"

"ಕುಲೆಗಳು ಎರಡನೇ ಸಲ ಕೇಳುವುದಿಲ್ಲ!"

"ಉಪ್ಪಿನಕಾಯಿ ಆದರೂ?"

"ಮುಂದಿನ ವರ್ಷ ಬಾ!"

ಹೀಗೆಯೇ ದಿನ ಹೋಯಿತು. ಅವನೂ ಸೋಲಲಿಲ್ಲ, ನಾನೂ ಬಿಡಲಿಲ್ಲ. ಹೂ ಕೊಂಡುಹೋಗಲು ಬಂದವನು "ಭಾಸ್ಕರಣ್ಣ ಎಲ್ಲಿ?" ಎಂದು ಕೇಳಿದರೆ "ತೀರಿಹೋಗಿದ್ದಾನೆ, ಸಂಜೆ ಬಾ" ಎನ್ನುತ್ತಿದ್ದೆ.

ತೊಟ್ಟಿಲು ಹಾಕಿ ಹೆಸರಿಡುವ ದಿನ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಬಡಿಸಿ ಬಾಗಿಲು ಎಳೆದೆ. ಒಳಗೆ ಶಬ್ದವಿಲ್ಲ. ಕೆಮ್ಮಿದೆ. ಬಾಗಿಲು ತಟ್ಟಿದೆ. "ಏಯ್" ಎಂದೆ. ಇಲ್ಲ. ಒಳಗೆ ಹೋದರೆ ಎಲೆ ಮುಟ್ಟಿರಲಿಲ್ಲ. ಅನ್ನದ ಮೇಲೆ ನೊಣ ಕುಳಿತಿತ್ತು. ಅವನ ಬಾಯಿ ತೆರೆದಿತ್ತು, ಕೈ ಒಂದು ಕಡೆ ಜಾರಿ ಬಿದ್ದಿತ್ತು. ನಾನು ಏನೋ ಕೂಗಿದೆ. ಚೊಂಬಿನ ನೀರನ್ನೆಲ್ಲ ಅವನ ಮುಖಕ್ಕೆ ಹೊಯ್ದೆ.

ಅವನು ಕೆಮ್ಮುತ್ತಾ ಎದ್ದು ಕುಳಿತ. "ಎಂತ ಅಕ್ಕ, ಒಂದು ಸಲ ಸರಿಯಾಗಿ ಸಾಯುವ ಅಂತ ಇದ್ದರೆ ಅದಕ್ಕೂ ಬಿಡುವುದಿಲ್ವಾ!"

ಸೌಟು ಕೈಯಲ್ಲೇ ಇತ್ತು. ಬೆನ್ನಿಗೆ ಒಂದು ಕೊಟ್ಟೆ. ಅಲ್ಲಿಗೆ ಸಾವು ಮುಗಿಯಿತು. ಅವನು ಎದ್ದು ಅಡುಗೆಮನೆಗೆ ಬಂದು ಎಲ್ಲರ ಜೊತೆ ಕುಳಿತು ಉಂಡ.

ಆದರೆ ನನ್ನ ಮಗಳಿಗೆ ಬೇರೆ ಹೆದರಿಕೆ. ನಮ್ಮಲ್ಲಿ ತೊಟ್ಟಿಲಿನ ಹತ್ತಿರ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವನು ಸೋದರಮಾವ. ಮಗಳಿಗೆ ಅಣ್ಣತಮ್ಮಂದಿರಿಲ್ಲ, ಆದ್ದರಿಂದ ಇವನೇ ಹೇಳಬೇಕು. "ಅಮ್ಮ, ಮಾವ ಅಲ್ಲಿ ಭಾಸ್ಕರ ಅಂತ ಹೇಳಿಬಿಟ್ಟರೆ? ಕಿವಿಯಲ್ಲಿ ಬಿದ್ದ ಹೆಸರನ್ನು ತೆಗೀಲಿಕ್ಕೆ ಆಗ್ತದಾ?" ಎಂದಳು. ಆಗುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ತೊಟ್ಟಿಲಿನ ದಿನ ಅವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಮೀಸೆ ತಿದ್ದಿಕೊಂಡು ಬಂದ. ಅಳಿಯ ಫೋನಿನೊಳಗಿಂದ ನೋಡುತ್ತಿದ್ದ. ಇವನು ತೊಟ್ಟಿಲಿಗೆ ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ. ಮಗು ಅವನ ಮೀಸೆ ಹಿಡಿದುಕೊಂಡಿತು. ಮಗಳು ನನ್ನ ಕೈ ಚಿವುಟುತ್ತಿದ್ದಳು. ಫೋನಿನೊಳಗೆ ಅಳಿಯ "ಎಂತ ಆಯ್ತು? ನೆಟ್ ಹೋಯ್ತಾ?" ಎಂದು ಕೇಳುತ್ತಿದ್ದ.

"ವಿವಾನ್" ಎಂದ ನನ್ನ ತಮ್ಮ. ಎಲ್ಲರಿಗೂ ಕೇಳುವ ಹಾಗೆ, ಬಸ್ಸಿನಲ್ಲಿ ಊರಿನ ಹೆಸರು ಕೂಗುವ ಸ್ವರದಲ್ಲಿ, ಮೂರು ಸಲ. ಮಗು ಬೆದರಿ ಅಳತೊಡಗಿತು.

ನೆಂಟರೆಲ್ಲ ಹೋದ ಮೇಲೆ ಅವನು ಬಾವಿಕಟ್ಟೆಯ ಹತ್ತಿರ ಕಾಲು ತೊಳೆಯುತ್ತಿದ್ದ. ನಾನು ಪಾತ್ರೆ ತಂದು ಹಾಕಿದೆ.

"ಭಾಸ್ಕರ ಅನ್ನಲಿಕ್ಕೆ ಬಾಯಿ ಬರಲಿಲ್ವಾ?"

"ಬಂದಿತ್ತು ಅಕ್ಕ. ನಾಲಿಗೆಯ ತುದಿಗೆ ಬಂದಿತ್ತು."

"ಮತ್ತೆ?"

ಅವನು ಮತ್ತೊಮ್ಮೆ ಅದೇ ಕಾಲಿಗೆ ನೀರು ಹೊಯ್ದುಕೊಂಡ. "ಮೊನ್ನೆ ನನ್ನ ಮುಖಕ್ಕೆ ನೀರು ಹೊಯ್ಯುವಾಗ ನೀನು ಅಮ್ಮನನ್ನು ಕರೆದೆ. ಸಣ್ಣ ಹುಡುಗಿಯ ಹಾಗೆ. ಅಮ್ಮ ಹೋಗಿ ಎಷ್ಟು ಕಾಲ ಆಯ್ತು!" ಚೊಂಬನ್ನು ಕಟ್ಟೆಯ ಮೇಲಿಟ್ಟ. "ಇದ್ದವರ ಹೆಸರು ಇಟ್ಟರೆ ಆಯುಷ್ಯ ಕಡಿಮೆ ಆಗ್ತದೆ ಅಂತಾರಲ್ಲ, ಸುಳ್ಳೇ ಇರಬಹುದು. ಆದರೆ ಪರೀಕ್ಷೆ ಮಾಡಿ ನೋಡುವುದು ಬೇಡ ಅನ್ನಿಸಿತು."

"ಹಿಮ್ಮಡಿಯಲ್ಲಿ ಕೆಸರು ಉಂಟು, ಸರಿಯಾಗಿ ತೊಳೆ" ಎಂದೆ.

ಮರುದಿನ ಬೆಳಿಗ್ಗೆ ಎಂದಿನಂತೆ ಮಲ್ಲಿಗೆ ಕೊಯ್ಯಲು ಇಳಿದೆ. ಒಂದು ಸಾಲು ಮುಗಿಸಿ ಒಳಗೆ ಬಂದು ಅವನು ಉಸಿರಾಡುತ್ತಿದ್ದಾನೆಯೇ ಎಂದು ನೋಡಿದೆ. ಮತ್ತೊಂದು ಸಾಲು ಮುಗಿಸಿ ಪುನಃ ಬಂದು ಮೂಗಿನ ಹತ್ತಿರ ಕೈ ಹಿಡಿದೆ. ಬಿಸಿಯಾಗಿತ್ತು. ಹೂವೆಲ್ಲ ಕೊಯ್ದಾದ ಮೇಲೆ ಚಾಪೆಗೆ ಒಂದು ಒದೆ ಕೊಟ್ಟು ಅವನನ್ನು ಎಬ್ಬಿಸಿದೆ. ನಾರು ಸೀಳಲು ಬೇರೆ ಜನ ಇರಲಿಲ್ಲ.