ಸಾಹುಕಾರರ ಕ್ಯಾರವಾನಿನ ಸತ್ತ ಪಾಯಿಂಟುಗಳು

ಕರೆಂಟಿನ ಕೆಲಸ ಹಿಡಿದು ಇಪ್ಪತ್ತಾರು ವರ್ಷ ಆಯಿತು. ಇಂಥವು ನನ್ನ ಕೊರಳಿಗೇ ಯಾಕೆ ಬೀಳ್ತಾವೋ ಆ ಬಸವಣ್ಣನೇ ಬಲ್ಲ. ಕಲಿತದ್ದು ಮಾತ್ರ ಒಂದದ. ವೈರು ಸುಳ್ಳು ಹೇಳೋದಿಲ್ಲ, ಮನುಷ್ಯರು ಪೂರ್ತಿ ಖರೆ ಹೇಳೋದಿಲ್ಲ. "ನಾವೇನೂ ಮಾಡಿಲ್ಲ, ತಾನೇ ಹೋಯ್ತು" ಅಂತ ಯಾರಾದರೂ ಅಂದರೆ, ಏನೋ ಮಾಡ್ಯಾರ ಅಂತಲೇ ತಿಳೀರಿ.

ನಾ ಹುಟ್ಟಿದ್ದು ಬೀದರ ಕಡೆ, ಅನ್ನ ಹುಟ್ಟಿದ್ದು ನಾಶಿಕದಲ್ಲಿ. ನಮ್ಮ ಓಣಿ ತುದಿಗೆ ಮಂಗಳೂರು ಕಡೆಯ ಸಾಹುಕಾರರ ಹೊಟೇಲು ಅದ. ಅವರ ಹೆಂಡತಿಗೆ ನಾವೆಲ್ಲ ಅಕ್ಕಾ ಅಂತೀವಿ. ದೇಶದ ಮಂದಿಯೆಲ್ಲ ನಾಶಿಕಕ್ಕೆ ಯಾತ್ರೆಗೆ ಬರ್ತಾರೆ, ಅಕ್ಕ ಮೂವತ್ತೊಂದು ವರ್ಷ ಅವರಿಗೆಲ್ಲ ಚಟ್ನಿ ಮಾಡಿಸಿ ಕಳಿಸಿದ್ದಾರೆ. ತಾವು ಮಾತ್ರ ಎಲ್ಲಿಗೂ ಹೋದವರಲ್ಲ. ಒಂದು ದಿನ ಗಂಡನ ಮುಂದೆ ನಿಂತು, ವೇರೂಳಿನ ಬೆಟ್ಟ ಕೊರೆದ ಗುಹೆ ಗುಡಿ ನೋಡಬೇಕು, ಎಂಟು ದಿನ ಹೊರಗೇ ಇರಬೇಕು ಅಂದರು. ಲಾಡ್ಜು ಆಗೋದಿಲ್ಲ, ಹೊರಗಿನ ಊಟ ಆಗೋದಿಲ್ಲ ಅಂತ ಸಾಹುಕಾರರು ಒಂದು ಹಳೆಯ ಕ್ಯಾರವಾನ್ ತಂದರು. ಮಂಚ, ಅಡುಗೆಮನೆ, ಬಚ್ಚಲು ಎಲ್ಲ ಗಾಡಿಯೊಳಗೇ. ಜೊತೆಗೆ ಒಂದು ಕರಾರು ಹಾಕಿದರು: ಗಾಡಿ ಸರಿ ಇದ್ದರೆ ಪ್ರವಾಸ, ತಕರಾರು ಮಾಡಿದರೆ ಮಾರಿಬಿಡೋದು. ಹೀಗೆ ಅಕ್ಕನ ಎಂಟು ದಿನ ನನ್ನ ಟೆಸ್ಟರಿನ ತುದಿಗೆ ಬಂದು ಕೂತವು.

೧. ಅರ್ಧ ಕರೆಂಟು

ಮೊದಲ ಸಲ ಹೊರಟವರು ನಿಫಾಡ್ ದಾಟಲಿಲ್ಲ. ಪರಿಚಯದ ದ್ರಾಕ್ಷಿ ತೋಟದವರ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಅವರ ಮನೆಯಿಂದ ಕರೆಂಟು ಎಳೆದುಕೊಂಡಿದ್ದರು. ಸಾಹುಕಾರರ ಫೋನು ಬಂತು. "ಲೈಟು ಉರೀತದೆ, ಫ್ಯಾನ್ ತಿರುಗ್ತದೆ, ಪ್ಲಗ್ ಪಾಯಿಂಟಲ್ಲಿ ಮಾತ್ರ ಏನಿಲ್ಲ. ಇದೆಂಥ ಅರ್ಧ ಕರೆಂಟ್ ಮಾರಾಯ?"

ಲೈಟು, ಫ್ಯಾನು ಗಾಡಿಯ ಬ್ಯಾಟರಿ ಮೇಲೆ ನಡೀತಾವ, ಪಾಯಿಂಟಿಗೆ ಹೊರಗಿನ ಕರೆಂಟು ಬೇಕು ಅಂತ ತಿಳಿಸಿ ಹೇಳಿದೆ. ಒಳಗೆ ಏನೇನು ಹಚ್ಚೀರಿ ಅಂತ ಕೇಳಿದರೆ, ಏನೂ ಇಲ್ಲ ಅಂದರು. ಬೈಕ್ ಹಾಕಿಕೊಂಡು ಹೋಗಿ ಬಾಗಿಲು ತೆಗೆದೆ. ಬಚ್ಚಲಲ್ಲಿ ಗೀಸರು, ಕಟ್ಟೆ ಮೇಲೆ ಇಂಡಕ್ಷನ್ ಒಲೆ, ಮಂಚದ ಮೇಲೆ ಟವೆಲ್ ಹಾಸಿ ಕೂರಿಸಿದ ಹೊಟೇಲಿನ ಗ್ರೈಂಡರು. ಮಿಕ್ಸಿ ಹಿಟ್ಟಿನ ದೋಸೆ ಸಾಹುಕಾರರ ಗಂಟಲಲ್ಲಿ ಇಳಿಯೋದಿಲ್ಲವಂತೆ. ಮೂರೂ ಒಮ್ಮೆಲೇ ಎಳೆದರೆ ಕರೆಂಟು ಕಡಿಯುವ ಸ್ವಿಚ್ಚು ಬೀಳದೆ ಏನು ಮಾಡೀತು?

ಒಂದು ಸಲಕ್ಕೆ ಒಂದೇ ಹಚ್ಚಬೇಕು ಅಂತ ಹೇಳಿದೆ. ಶಕುನ ಸರಿ ಇಲ್ಲ ಅಂತ ಸಾಹುಕಾರರು ಗಾಡಿ ತಿರುಗಿಸಿದರು. ಆದರೆ ಮನುಷ್ಯ ಶಿಸ್ತಿನವರು. ಮರುದಿನವೇ "ಒಂದು ಸಲಕ್ಕೆ ಒಂದೇ" ಅಂತ ಬೋರ್ಡು ಬರೆಸಿ ಒಳಗೆ ಹೊಡೆಸಿದರು. ಪೇಂಟರ್ ಹೆಂಗೂ ಬಂದಾನೆ ಅಂತ ಅದರ ಪಕ್ಕಕ್ಕೆ ಇನ್ನೊಂದು ಬರೆಸಿದರು: "ಹೊರಗಿನ ತಿಂಡಿ ತರಬಾರದು". ಗಾಡಿಯಲ್ಲಿ ಇರೋರು ಇಬ್ಬರೇ ಗಂಡ ಹೆಂಡತಿ.

೨. ಟೆಕ್ನಿಕಲ್

ಎರಡನೇ ಸಲ ಯೇವಲಾ ದಾಟಿ ಒಂದು ಧಾಬಾದ ಹತ್ತಿರ ನಿಂತಿದ್ದರು. ಧಾಬಾದ ಗೋಡೆಯಿಂದ ಕೇಬಲ್ ತಗೊಂಡಿದ್ದರು, ಮತ್ತೆ ಪಾಯಿಂಟುಗಳೆಲ್ಲ ಸತ್ತಿದ್ದವು. ನಾ ಹೋದವನೇ ಜೋರಿನಿಂದ ಕೆಲಸ ಹಿಡಿದೆ. ನಾಲ್ಕು ಪ್ಯಾನೆಲ್ ಬಿಚ್ಚಿದೆ, ಮಂಚ ಎತ್ತಿದೆ, ಒಂದೊಂದೇ ವೈರು ಹಿಡಿದು ನೋಡಿದೆ. ಅಕ್ಕ ಪಕ್ಕಕ್ಕೆ ಟಾರ್ಚ್ ಹಿಡಿದು ನಿಂತಿದ್ದರು. ಧಾಬಾದವರನ್ನು ಒಮ್ಮೆ ಕೇಳುವನಾ ಅಂತ ಮೆಲ್ಲಗೆ ಎರಡು ಸಲ ಅಂದರು.

"ಅಕ್ಕಾ, ಇದು ಟೆಕ್ನಿಕಲ್ ಅದ. ನಿಮಗ ತಿಳಿಯಾಂಗಿಲ್ಲ" ಅಂದೆ.

ಮಧ್ಯಾಹ್ನ ಆಯಿತು. ಧಾಬಾದ ಮಾಲಕ ಹಲ್ಲು ಚುಚ್ಚಿಕೊಳ್ಳುತ್ತ ಬಂದ. ನೀರಿನ ಪಂಪಿಗೆ ಬೇಕು ಅಂತ ನಿಮ್ಮ ಪ್ಲಗ್ಗು ಕಿತ್ತಿದ್ದೆ, ಟಾಕಿ ತುಂಬಿತು, ಈಗ ಬೇಕಾದರೆ ಹಚ್ಚಿಕೊಳ್ರಿ ಅಂತ ಮರಾಠಿಯಲ್ಲಿ ಹೇಳಿ ಹೋದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಆ ಮೂರ್ಖ ನಾನೇ. ನಾಚಿಕೆಯಿಂದ ಮುಖ ಎತ್ತಲಿಲ್ಲ. ಅಕ್ಕ ಬಿಚ್ಚಿಟ್ಟ ಸ್ಕ್ರೂಗಳನ್ನು ತಟ್ಟೆಯಲ್ಲಿ ಆರಿಸಿ ಎಣಿಸಿ ನನ್ನ ಮುಂದಿಟ್ಟರು.

"ಮೂವತ್ತೆರಡು ಉಂಟು" ಅಂದರು. "ಎಲ್ಲ ಟೆಕ್ನಿಕಲ್."

೩. ಮಡಿ

ಶಕುನದ ನೆವಕ್ಕೆ ಆ ಸಲವೂ ಗಾಡಿ ವಾಪಸ್ಸು ಬಂದಿತ್ತು. ಮೂರನೇ ಸಲ ವೈಜಾಪುರದ ತನಕ ಹೋದರು. ಅಲ್ಲಿ ಎರಡು ದಿನವೂ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಟ್ರಿಪ್ ಸ್ವಿಚ್ಚು ಬಿತ್ತು. ಹತ್ತು ಗಂಟೆಗೆ ಎತ್ತಿದರೆ ಮತ್ತೆ ಬೀಳುತ್ತಿರಲಿಲ್ಲ. ಎರಡನೇ ದಿನ ಸಂಜೆ ನಾ ಹೋಗಿ ನೋಡಿದೆ, ಕರೆಂಟು ಎಲ್ಲಿಯೋ ನೀರಿಗೆ ತಾಗಿ ನೆಲಕ್ಕೆ ಹೋಗ್ತದ ಅಂತ ಗೊತ್ತಾಯಿತು. ಆದರೆ ಮಳೆಯಿಲ್ಲ, ಪೈಪು ಸೋರಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೇ ಗಾಡಿ ಬಾಗಿಲಲ್ಲಿ ಹೋಗಿ ಕೂತೆ.

ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡರು. ಒಂದು ಬಕೆಟ್ ನೀರು ಅಡುಗೆಕಟ್ಟೆಯ ಕೆಳಗೆ ದಬಕ್ಕನೆ ಚೆಲ್ಲಿ, ಕಸಬರಿಗೆ ಹಿಡಿದು ತಿಕ್ಕತೊಡಗಿದರು. ನೆಲದಿಂದ ನಾಲ್ಕು ಬೆರಳು ಮೇಲೆ ಪಾಯಿಂಟು. ನಾ ಬಾಯಿ ತೆಗೆಯುವುದರೊಳಗೆ ಸ್ವಿಚ್ಚು ಬಿತ್ತು. "ಅಡುಗೆಮನೆ ತೊಳೆಯದೆ ಒಲೆ ಹಚ್ಚುದಾ?" ಅಂತ ನನ್ನನ್ನೇ ಕೇಳಿದರು.

ಪ್ರವಾಸ ಬೇಕು ಅಂತ ಹಟ ಹಿಡಿದವರೇ ಪ್ರವಾಸ ಕೆಡಿಸ್ತಿದ್ದರು, ಏನು ಹೇಳೋದು? ಗಾಡಿ ನಾಶಿಕಕ್ಕೆ ಬಂದ ಮೇಲೆ ಪಾಯಿಂಟು ಕಿತ್ತು ಎರಡು ಅಡಿ ಮೇಲೆ ಕೂರಿಸಿದೆ. ಇನ್ನು ಒರೆಸಿದರೆ ಸಾಕು ಅಂತ ಕೈ ಮುಗಿದೆ. ಅಕ್ಕ ಪಾಯಿಂಟನ್ನು ಮೇಲೆ ಕೆಳಗೆ ನೋಡಿ ಖುಷಿಯಾದರು.

"ಒಳ್ಳೇದಾಯ್ತು. ಇನ್ನು ಎರಡು ಬಕೆಟ್ ಹಾಕ್ಬಹುದು."

೪. ಸುಣ್ಣ

ಇನ್ನೊಮ್ಮೆ ಕೈಕೊಟ್ಟರೆ ಗಾಡಿ ಮಾರೋದೇ ಅಂತ ಸಾಹುಕಾರರು ಖಡಾಖಂಡಿತ ಹೇಳಿ ಹೊರಟರು. ಹೊಟೇಲಿನ ಗಲ್ಲಾಕ್ಕೆ ಅಕ್ಕನ ತಮ್ಮನನ್ನು ಕೂರಿಸಿದ್ದರು. ಈ ಸಲ ಸಂಭಾಜಿನಗರ ಮುಟ್ಟಿದರು. ಎರಡನೇ ದಿನ ಸಾಹುಕಾರರ ಫೋನು: ಪಾಯಿಂಟು ಹೋಯಿತು, ನಾಳೆ ವಾಪಸ್ಸು. ಅದರ ಹಿಂದೆಯೇ ಅಕ್ಕನ ಫೋನು ಬಂತು. ವೇರೂಳು ಇಲ್ಲಿಂದ ಒಂದು ತಾಸಿನ ದಾರಿ, ಒಮ್ಮೆ ಬಂದು ನೋಡಿ ಅಂದರು. ಆ ದನಿ ಕೇಳಿ ಟೆಸ್ಟರು ಕಿಸೆಗೆ ಹಾಕಿಕೊಂಡೆ. ಎಸ್‌ಟಿ ಬಸ್ಸು ಹತ್ತಿದೆ.

ಹೋಗಿ ಎಲ್ಲ ತಪಾಸಣೆ ಮಾಡಿದೆ. ಲೋಡು ಸರಿ, ಕೇಬಲ್ ಸರಿ, ನೆಲ ಒಣಗಿತ್ತು. ಸ್ವಿಚ್ಚು ಎತ್ತಿ ಗ್ರೈಂಡರ್ ಹಾಕಿ ಒಂದು ತಾಸು ಕಾದೆ, ಏನೂ ಆಗಲಿಲ್ಲ. ಆಗ ಸಾಹುಕಾರರು ಹೊಟೇಲಿಗೆ ಫೋನು ಹಚ್ಚಿದರು. ಎಲ್ಲ ಚೆನ್ನಾಗಿ ನಡೀತಾ ಉಂಟು ಭಾವ, ನೀವು ಆರಾಮ ಇರಿ ಅಂತ ಅಕ್ಕನ ತಮ್ಮ ಹೇಳಿದ್ದು ನನಗೂ ಕೇಳಿಸಿತು. ಸಾಹುಕಾರರು ಫೋನಿಟ್ಟು, ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡು ಮಂಚದ ಕಡೆ ಹೋದರು. ಟಕ್ ಅಂತು. ಗ್ರೈಂಡರ್ ನಿಂತಿತು.

ಹೋಗಿ ಮಂಚದ ಪಕ್ಕದ ಸ್ವಿಚ್ಚಿನ ಡಬ್ಬಿ ತೆಗೆದೆ. ಟ್ರಿಪ್ ಸ್ವಿಚ್ಚು ಕೆಲಸ ಮಾಡ್ತದೋ ಇಲ್ಲೋ ನೋಡಲಿಕ್ಕೆ ಅದರಲ್ಲಿ ಒಂದು ಸಣ್ಣ ಗುಂಡಿ ಇರ್ತದ, ಒತ್ತಿದರೆ ಸ್ವಿಚ್ಚು ಬಿದ್ದು ಕರೆಂಟು ಹೋಗ್ತದ. ಆ ಗುಂಡಿಯ ಮೇಲೆ ಹಸಿ ಸುಣ್ಣ ಇತ್ತು. ನಾ ಸಾಹುಕಾರರ ಹೆಬ್ಬೆರಳು ನೋಡಿದೆ. ಅವರು ನನ್ನನ್ನು ರಟ್ಟೆ ಹಿಡಿದು ಗಾಡಿ ಹಿಂದಕ್ಕೆ ಕರಕೊಂಡು ಹೋದರು.

"ದಿನಾ ಮೂರು ಸಲ ಫೋನ್ ಮಾಡ್ತೇನೆ ಮಾರಾಯ. ಮೂರು ಸಲವೂ ಎಲ್ಲ ಸರಿ ಉಂಟು ಅಂತಾರೆ. ನಾನಿಲ್ಲದೆ ಒಂದು ಇಡ್ಲಿಯೂ ಕೆಡಲಿಲ್ಲ. ಮೂವತ್ತೊಂದು ವರ್ಷ ನಾನು ಅಲ್ಲಿ ಮಾಡಿದ್ದೆಂಥ ಹಾಗಾದರೆ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಜ್ವರ ಬಂದು ನಾ ಮಲಗಿದ್ದಾಗ ನನ್ನ ಗಿರಾಕಿಗಳೆಲ್ಲ ಬೇರೆಯವನನ್ನು ಕರೆಸಿಕೊಂಡಿದ್ದರು, ಯಾರ ಮನೆಯೂ ಕತ್ತಲೆಯಲ್ಲಿ ಇರಲಿಲ್ಲ. ಆ ನೋವು ನನಗೂ ಗೊತ್ತು. ಒಂದು ಕಡೆ ಇವರು, ಇನ್ನೊಂದು ಕಡೆ ಅಕ್ಕ. ಒಳಗೆ ಬಂದು ಸ್ವಿಚ್ಚು ಎತ್ತಿದೆ.

ಎಂತ ತೊಂದರೆ ಅಂತ ಅಕ್ಕ ಕೇಳಿದರು. ಸಣ್ಣ ಲೂಸ್ ಕನೆಕ್ಷನ್ ಅಂತ ತೊದಲಿದೆ.

"ಲೂಸ್ ಯಾವುದು ಅಂತ ನಂಗೆ ನಿನ್ನೆಯೇ ಗೊತ್ತು. ಗುಂಡಿ ಮೇಲಿನ ಸುಣ್ಣ ಒರೆಸಿದ್ದೇ ನಾನು" ಅಂದರು ಅಕ್ಕ. "ನಾನು ಹೇಳಿದ್ರೆ ಜಗಳ ಆಗ್ತದೆ. ನೀವು ಹೇಳಿದ್ರೆ ರಿಪೇರಿ ಆಗ್ತದೆ. ಅದಕ್ಕೇ ಕರೆದದ್ದು."

ಹೊರಗೆ ಹೋಗಿ ಸಾಹುಕಾರರಿಗೆ ಹೇಳಿದೆ: ಗಾಡಿ ಗಟ್ಟಿ ಅದರಿ, ಹೊಟೇಲೂ ಗಟ್ಟಿ ಅದರಿ, ಮೂವತ್ತೊಂದು ವರ್ಷ ನೀವು ಮಾಡಿದ್ದು ಅದನ್ನೇ. ಅವರು ಹೆಬ್ಬೆರಳು ಪಂಚೆಗೆ ಒರೆಸಿಕೊಂಡು, ವೇರೂಳಿಗೆ ಎಷ್ಟು ಹೊತ್ತಿಗೆ ಹೊರಡುವ ಅಂತ ಹೆಂಡತಿಯನ್ನು ಕೇಳಿದರು.

ಎಂಟು ದಿನ ಮುಗಿಯಿತು, ಹತ್ತಾಯಿತು, ಗಾಡಿ ಬರಲಿಲ್ಲ. ಹನ್ನೊಂದನೇ ದಿನ ಅಕ್ಕನ ತಮ್ಮನೇ ಗಲ್ಲಾದಿಂದ ಫೋನು ಮಾಡಿ, ಯಾವಾಗ ಬರ್ತೀರಿ ಭಾವ ಅಂತ ಕೇಳಿದ. ನಾ ಎದುರಿಗೇ ಚಹಾ ಕುಡೀತಿದ್ದೆ. ಆ ಕಡೆಯಿಂದ ಸಾಹುಕಾರರ ದನಿ ಹೊಟೇಲಿಗೆಲ್ಲ ಕೇಳಿಸಿತು.

"ಪಾಯಿಂಟೆಲ್ಲ ಸರಿ ಉಂಟು ಮಾರಾಯ, ಬರ್ಲಿಕ್ಕೆ ಕಾರಣವೇ ಸಿಗ್ತಾ ಇಲ್ಲ!"