ಭಾವನ ಗೋಮೇಧಿಕ

ರತ್ನವನ್ನು ಅಂಗಿಗೆ ಸಿಂಪಡಿಸಿಕೊಂಡು ಜೀಪು ಓಡಿಸುತ್ತಿದ್ದ ಮನುಷ್ಯ ಕಡಬ ತಾಲೂಕಿನಲ್ಲಿ ಒಬ್ಬರೇ ಇದ್ದರು. ಅವರು ನನ್ನ ಭಾವ, ಅಂದರೆ ಅಕ್ಕನ ಗಂಡ. ‘ನನಗೆ ತಿಳಿದ ಮಟ್ಟಿಗೆ’ ಎಂದು ಸೇರಿಸಿಕೊಳ್ಳಿ. ಪತ್ರಿಕೆಯಲ್ಲಿ ಕೆಲಸ ಮಾಡುವವನು ಹಾಗೆ ಸೇರಿಸದಿದ್ದರೆ ಮರುದಿನ ಇನ್ನೊಬ್ಬರು ಫೋನ್ ಮಾಡುತ್ತಾರೆ. ಈ ವಿಷಯದಲ್ಲಿ ಮಾತ್ರ ಯಾರೂ ಫೋನ್ ಮಾಡಲಾರರು ಎಂಬ ಧೈರ್ಯ ನನಗಿದೆ.

ಅದು ಸೆಂಟು. ಗೋಮೇಧಿಕ ಎಂಬ ರತ್ನದಿಂದ ಸ್ಫೂರ್ತಿ ಪಡೆದು ತಯಾರಿಸಿದ್ದು ಎಂದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿತ್ತು. ಬಾಟಲಿಯ ಬಣ್ಣವೇನೋ ಸರಿ, ಕಾಯಿಸಿದ ಬೆಲ್ಲದ ಹಾಗೆ, ಥೇಟು ಗೋಮೇಧಿಕವೇ. ಆದರೆ ಕಲ್ಲಿಗೆ ವಾಸನೆ ಎಲ್ಲಿಂದ ಬರಬೇಕು? ತಯಾರಿಸಿದವರು ಈ ಪ್ರಶ್ನೆಗೆ ಹೆದರಿದಂತೆ ಕಾಣಲಿಲ್ಲ. ತುಕ್ಕು ಹಿಡಿದ ಬೀಗ, ಕರ್ಪೂರ, ಬಿಸಿಲಿಗೆ ಕಾದ ಬಂಡೆಯ ಮೇಲೆ ಚೆಲ್ಲಿದ ನೀರು, ಪಕ್ಕದ ಮನೆಯ ಹೊಗೆಗೂಡಿನಲ್ಲಿ ಒಣಗುತ್ತಿರುವ ರಬ್ಬರ್ ಶೀಟು, ಇವೆಲ್ಲ ಒಟ್ಟಿಗೆ ಬಂದು ಮೂಗಿನೊಳಗೆ ಕುಳಿತುಕೊಂಡರೆ ಹೇಗೋ ಹಾಗೆ. ಚೀಟಿಯಲ್ಲಿ ಇದನ್ನು ‘ಭೂಮಿಯೊಳಗಿನ ಮೌನ’ ಎಂದಿದ್ದರು. ಮೌನ ಅಷ್ಟು ದೂರಕ್ಕೆ ತಲುಪುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ!

ಭಾವ ಮೊದಲಿನಿಂದ ಇಂಥವರಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ತಮ್ಮ ಮದುವೆಯ ದಿನವೂ ಮುಖಕ್ಕೆ ಪೌಡರ್ ಹಾಕಲು ಒಪ್ಪದ ಮನುಷ್ಯ ಅವರು. ಕಡಬ ಪೇಟೆಯಿಂದ ಒಳಗಿನ ಹಳ್ಳಿಗಳಿಗೆ ಸರ್ವಿಸ್ ಜೀಪು ಓಡಿಸುವುದು ಕೆಲಸ. ಡೀಸೆಲ್ ಮತ್ತು ಬೆವರು, ಇವೆರಡೇ ಅವರ ಪರಿಮಳ. ಐವತ್ತು ದಾಟಿದ ಮೇಲೆ ಅವರಿಗೆ ಈ ಷೋಕಿ ಹತ್ತಿಕೊಂಡಿತು. ಹತ್ತಿಕೊಂಡ ಸಮಯವಂತೂ ಇನ್ನಷ್ಟು ಕೆಟ್ಟದು. ಅಕ್ಕ ಹಾಸಿಗೆ ಹಿಡಿದಿದ್ದಳು.

ಅಕ್ಕನಿಗೆ ಎದೆಯ ಕ್ಯಾನ್ಸರ್. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳುಹಿಸಿದ್ದರು. ಆ ಮಾತಿನ ಅರ್ಥ ಎಲ್ಲರಿಗೂ ತಿಳಿದಿತ್ತು, ಅಕ್ಕನಿಗೂ. ಗಡ್ಡೆ ಒಡೆದು ಹೊರಗೆ ಹುಣ್ಣಾಗಿತ್ತು. ಹುಣ್ಣಿಗೆ ವಾಸನೆ ಇತ್ತು. ಭಾವ ಬೆಳಿಗ್ಗೆ ಜೀಪು ತೆಗೆಯುವ ಮೊದಲೊಮ್ಮೆ, ಸಂಜೆ ಬಂದ ಮೇಲೊಮ್ಮೆ ನರ್ಸ್ ಹೇಳಿಕೊಟ್ಟಂತೆ ಮಾತ್ರೆ ಪುಡಿ ಮಾಡಿ ಉದುರಿಸಿ ಬಟ್ಟೆ ಕಟ್ಟುತ್ತಿದ್ದರು. ವಾಸನೆ ಕಡಿಮೆಯಾಗುತ್ತಿತ್ತು, ಹೋಗುತ್ತಿರಲಿಲ್ಲ.

ನಮ್ಮ ಕಡೆ ಯಾರಾದರೂ ಮಲಗಿದರೆ ನೋಡಿಕೊಂಡು ಬರುವ ಕ್ರಮ ಉಂಟು. ಒಂದು ಬ್ರೆಡ್ಡು, ನಾಲ್ಕು ಮುಸುಂಬಿ ಹಿಡಿದುಕೊಂಡು ಬರುತ್ತಾರೆ. ಮಂಚದ ಪಕ್ಕದಲ್ಲಿ ಕುಳಿತು, ಇದೇ ಕಾಯಿಲೆ ಆದ ಇನ್ನೊಬ್ಬರ ಕಥೆಯನ್ನು ಮೊದಲಿನಿಂದ ಹೇಳುತ್ತಾರೆ. ಕಥೆ ಎಲ್ಲಿ ಮುಗಿಯುತ್ತದೆ ಎಂಬುದು ಅರ್ಧ ಹೇಳಿದ ಮೇಲೆ ಅವರಿಗೇ ನೆನಪಾಗಿ, ‘ನಿನಗೆ ಹಾಗೇನೂ ಆಗುದಿಲ್ಲ’ ಎಂದು ಎದ್ದು ಹೋಗುತ್ತಾರೆ. ಅಕ್ಕ ಇದನ್ನೆಲ್ಲ ಸಹಿಸಿದಳು, ಸ್ವಲ್ಪ ಖುಷಿಯಿಂದಲೇ ಸಹಿಸಿದಳು. ಮಾತಿಲ್ಲದೆ ಬದುಕುವ ಜನ ಅಲ್ಲ ಅವಳು. ಬಂದವರು ಹೋದ ಮೇಲೆ ಅವರ ಅಣಕು ಮಾಡಿ ತೋರಿಸುತ್ತಿದ್ದಳು. ಆದರೆ ಒಂದು ದಿನ ನೆರೆಮನೆಯ ಹೆಂಗಸು ಮಾತಿನ ನಡುವೆ ತನ್ನ ಕುರ್ಚಿಯನ್ನು ಮೆಲ್ಲನೆ ಕಿಟಕಿಯ ಕಡೆ ಸರಿಸಿದ್ದನ್ನು ನೋಡಿದಳು. ಅವತ್ತು ಸಂಜೆ ನನ್ನ ಹತ್ತಿರ ಹೇಳಿದಳು:

“ಸಾಯುದು ಇರ್ಲಿ. ಬಂದವರು ಸೆರಗು ಮೂಗಿಗೆ ಹಿಡಿಯುದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಯಾರನ್ನೂ ಒಳಗೆ ಬಿಡ್ಬೇಡಿ.”

ಕೋಣೆಯ ಬಾಗಿಲು ಮುಚ್ಚಿತು. ಬ್ರೆಡ್ಡು, ಮುಸುಂಬಿ ಜಗಲಿಯಲ್ಲೇ ಕೈ ಬದಲಾಗತೊಡಗಿದವು. ಒಳಗೆ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಭಾವ ಸೆಂಟು ಹಾಕತೊಡಗಿದ್ದು ಇದಾದ ಮೇಲೆ.

ಮೊದಲ ವರದಿ ಜೀಪಿನಿಂದಲೇ ಬಂತು. ಸರ್ವಿಸ್ ಜೀಪಿನಲ್ಲಿ ಜನ ಎಷ್ಟು ಹಿಡಿಯುತ್ತಾರೆ ಎಂಬುದಕ್ಕೆ ಮಿತಿ ಇಲ್ಲ, ಗಾಳಿಗೆ ಮಾತ್ರ ಜಾಗ ಇರುವುದಿಲ್ಲ. ಅಂಥಲ್ಲಿ ಭೂಮಿಯೊಳಗಿನ ಮೌನವನ್ನು ಬಿಟ್ಟರೆ ಏನಾದೀತು! ಒಬ್ಬರು ಇಳಿಯುವ ಜಾಗಕ್ಕಿಂತ ಎರಡು ತಿರುವು ಮೊದಲೇ ಇಳಿದು ನಡೆದುಕೊಂಡು ಹೋದರಂತೆ. ಒಣಮೀನು ಮಾರುವ ಹೆಂಗಸೊಬ್ಬರು ಪ್ರತಿ ವಾರ ಬುಟ್ಟಿಯೊಂದಿಗೆ ಅದೇ ಜೀಪು ಹತ್ತುವವರು. ಅವರ ಬುಟ್ಟಿಯ ಬಗ್ಗೆ ಉಳಿದವರು ವರ್ಷಗಟ್ಟಲೆ ಗೊಣಗಿದ್ದರು. ಆ ದಿನ ಅವರೇ ಬುಟ್ಟಿಗೆ ಗೋಣಿ ಮುಚ್ಚಿಕೊಂಡು ಹೇಳಿದರು: “ಮಾರಾಯ್ರೆ, ನಿಮ್ಮ ವಾಸನೆ ತಾಗಿದ್ರೆ ನನ್ನ ಮೀನು ಯಾರೂ ತಗೊಳ್ಳುದಿಲ್ಲ.” ಒಣಮೀನಿಗೆ ಮೊದಲ ಬಾರಿ ಮರ್ಯಾದೆ ಸಿಕ್ಕಿದ್ದು ಭಾವನ ಜೀಪಿನಲ್ಲಿ.

ಅದರ ಹೆಸರು ಗೋಮೇಧಿಕ ಎಂದು ತಿಳಿದ ಮೇಲೆ ಊರಿನವರಿಗೆ ಸಮಾಧಾನವಾಯಿತು. ಓಹೋ, ರಾಹುವಿಗೆ! ರಾಹುವಿನ ಕಾಟಕ್ಕೆ ಗೋಮೇಧಿಕ ಧರಿಸಬೇಕೆಂದು ಜೋಯಿಸರು ಹೇಳುವುದು ಇದ್ದದ್ದೇ. ಪಾಪ, ಹೆಂಡತಿಯ ಕಾಯಿಲೆಗೆ ಯಾರೋ ಪರಿಹಾರ ಹೇಳಿರಬೇಕು, ಇವರು ಉಂಗುರದ ಬದಲು ಸೆಂಟು ತಂದಿರಬೇಕು ಎಂದು ತೀರ್ಮಾನವಾಯಿತು. ಕಲ್ಲು ಹಾಕಬೇಕಾದ್ದು ಬೆರಳಿಗೆ, ಕಂಕುಳಿಗೆ ಅಲ್ಲ ಎಂದು ಹಿರಿಯರೊಬ್ಬರು ತಿದ್ದಿದರು. ಮಗಳ ಸಂಬಂಧ ಕೂಡಿ ಬರದೆ ಬೇಸತ್ತ ಇನ್ನೊಬ್ಬರು, ಒಂದು ಬೆಳಿಗ್ಗೆ ಜೀಪಿನ ಪಕ್ಕ ನಿಂತು ಆಚೆ ಈಚೆ ನೋಡಿ, ಮಗಳ ಜಾತಕದ ಮೇಲೆ ಸ್ವಲ್ಪ ಹೊಡೆಯಬಹುದೋ ಎಂದು ಕೇಳಿದರು. ಭಾವ ಹೊಡೆದುಕೊಟ್ಟರು. ಫಲಿತಾಂಶದ ಬಗ್ಗೆ ನನಗೆ ಮಾಹಿತಿ ಇಲ್ಲ.

ನಮ್ಮ ಕುಟುಂಬದವರು ಅಷ್ಟು ಉದಾರಿಗಳಲ್ಲ. ಹೆಂಡತಿ ಆ ಸ್ಥಿತಿಯಲ್ಲಿರುವಾಗ ಗಂಡನಿಗೆ ಸೆಂಟು ಯಾಕೆ ಎಂಬ ಪ್ರಶ್ನೆ ಕೆದಂಬಾಡಿಯಿಂದ ಮರ್ಕಂಜದವರೆಗೆ ಫೋನಿನಲ್ಲಿ ಓಡಾಡಿತು. ಜೀಪಿನವರಿಗೆ ನೂರು ಕಡೆ ನೂರು ಪರಿಚಯ ಎಂದು ಒಬ್ಬರು ಹೇಳಿದರು. ಆ ಮಾತನ್ನು ಇನ್ನೊಬ್ಬರು ಅರ್ಧಕ್ಕೆ ನಿಲ್ಲಿಸಲಿಲ್ಲ. ಭಾವನನ್ನೇ ಕೇಳಿದರೆ ‘ಧೂಳಿಗೆ ಒಳ್ಳೇದು’ ಎಂದಷ್ಟೇ ಹೇಳುತ್ತಿದ್ದರು. ಆದ್ದರಿಂದ ಬೈಯಲೆಂದೇ ಜನ ಮನೆಗೆ ಬರತೊಡಗಿದರು. ಬಂದವರು ಮೆಟ್ಟಿಲಲ್ಲೇ ಮೂಗು ಮುಚ್ಚಿಕೊಂಡರು. ಅಂಗಳದಿಂದ ಅಡುಗೆಮನೆಯವರೆಗೆ ಭಾವ ಒಬ್ಬರೇ ನಾರುತ್ತಿದ್ದರು! ಬೇರೆ ಯಾವ ವಾಸನೆಗೂ ಅಲ್ಲಿ ಎಡೆ ಇರಲಿಲ್ಲ. ಬೈದು ಸಾಕಾದವರಿಗೆ ದೂರು ಹೇಳಲು ಒಬ್ಬರು ಬೇಕಲ್ಲ? ಅಕ್ಕನ ಕೋಣೆಯ ಬಾಗಿಲು ತಟ್ಟಿದರು. ಮೊದಲು ತಟ್ಟಿದ್ದು ಕುರ್ಚಿ ಸರಿಸಿದ ಅದೇ ನೆರೆಮನೆಯವರು. ಅಕ್ಕ ಬಾಗಿಲು ತೆಗೆಸಿದಳು. ಆಮೇಲೆ ಅದು ಮುಚ್ಚಲಿಲ್ಲ.

ಮೊನ್ನೆಯ ಮಳೆಗಾಲದ ಕೊನೆಗೆ ಭಾವ ನನಗೆ ಫೋನ್ ಮಾಡಿದರು. “ಅದು ಮುಗಿದಿದೆ ಮಾರಾಯ. ನೀನು ಪುತ್ತೂರಿನಲ್ಲೇ ಇದ್ದಿಯಲ್ಲ, ಒಂದು ತಾ.” ಅಂಗಡಿ ಎಲ್ಲಿ ಎಂದೂ ಹೇಳಿದರು. ಹೋದೆ. ಪೇಟೆಯ ಒಳರಸ್ತೆಯಲ್ಲಿ ಅತ್ತರು ಮಾರುವ ಸಣ್ಣ ಅಂಗಡಿ. ಅದಿನ್ನು ಬರುವುದಿಲ್ಲ, ಇದ್ದದ್ದೇ ಒಂದು, ಅದನ್ನೂ ಮೊದಲು ಕೊಂಡ ಗಿರಾಕಿಗಳೆಲ್ಲ ಹಿಂದೆ ಕೊಟ್ಟು ಹೋಗಿದ್ದರು ಎಂದು ಅಂಗಡಿಯವರು ಹೇಳಿದರು. ಭಾವನ ಗುರುತು ಅವರಿಗೆ ಚೆನ್ನಾಗಿ ಇತ್ತು.

“ಎಲ್ಲರೂ ಬಂದು ಒಳ್ಳೆ ಪರಿಮಳ ಕೇಳುದು ಸರ್. ಅವರು ಬಂದು, ನನ್ನನ್ನು ದಾಟಿ ಬೇರೆ ವಾಸನೆ ಯಾರಿಗೂ ಗೊತ್ತಾಗ್ಬಾರ್ದು, ಅಂಥದ್ದು ಕೊಡಿ ಅಂದ್ರು.”

ಬರಿಗೈಯಲ್ಲಿ ಕಡಬದ ಬಸ್ಸು ಹತ್ತಿದೆ.

ಕಡಬದಲ್ಲಿ ಇಳಿದರೆ ದೊಡ್ಡಮ್ಮ ನಿಂತಿದ್ದರು. ನಮ್ಮ ಅಮ್ಮನ ಅಕ್ಕ, ಮರ್ಕಂಜದವರು. ಮೊಣಕಾಲು ನೋವಿನಿಂದ ಅಲ್ಲಿಯವರೆಗೆ ಬರಲಾಗಿರಲಿಲ್ಲ. ಆದರೆ ಫೋನಿನಲ್ಲಿ ಭಾವನಿಗೆ ಬೈಯುವುದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಅವರೇ. ಕೈಯಲ್ಲಿ ಬ್ರೆಡ್ಡು. ಭಾವ ಅವರನ್ನು ಜೀಪಿನ ಮುಂದಿನ ಸೀಟಿಗೆ ಹತ್ತಿಸಿ ಪಕ್ಕದಲ್ಲಿ ಕೂರಿಸಿಕೊಂಡರು, ನಾನು ಹಿಂದೆ. ಅರ್ಧ ದಾರಿಯಲ್ಲಿ ದೊಡ್ಡಮ್ಮ ಭಾವನ ಕಡೆ ಬಗ್ಗಿ ಎರಡು ಸಲ ಮೂಸಿದರು.

“ಊರೆಲ್ಲ ಸೆಂಟು ಸೆಂಟು ಅಂತ ಹೇಳುದು. ನನಗೆ ಎಂತದೂ ಬರುದಿಲ್ಲಲ್ಲ.”

“ಮುಗಿದು ಮೂರು ದಿನ ಆಯ್ತು ಅತ್ತೆ,” ಎಂದರು ಭಾವ.

ಆ ದಿನ ಅಕ್ಕನ ಹುಣ್ಣಿನ ಬಟ್ಟೆ ಬದಲಿಸುವ ಹೊತ್ತು ಮೀರಿತ್ತು. ಕೋಣೆಗೆ ಕಾಲಿಟ್ಟ ದೊಡ್ಡಮ್ಮ ಅಲ್ಲೇ ನಿಂತರು. ಕೈ ತಾನಾಗಿ ಸೆರಗನ್ನು ಮೂಗಿಗೆ ತಂದಿತು. ಬೇಕೆಂದು ಮಾಡಿದ್ದಲ್ಲ. ಅಕ್ಕ ನೋಡಿದಳು. ನೋಡಿ, ಮೆಲ್ಲನೆ ಗೋಡೆಯ ಕಡೆ ತಿರುಗಿದಳು.

ಬಾಗಿಲಲ್ಲಿ ನಿಂತಿದ್ದ ಭಾವ ಹೇಳಿದರು: “ನನ್ನದು ಅತ್ತೆ. ಇವತ್ತು ಸ್ವಲ್ಪ ಜಾಸ್ತಿ ಹಾಕಿದೆ.”

ದೊಡ್ಡಮ್ಮ ತಿರುಗಿ ಭಾವನನ್ನು ನೋಡಿದರು. ಕಡಬ ಪೇಟೆಯಿಂದ ಆ ಅಂಗಿಯ ಪಕ್ಕದಲ್ಲೇ ಕುಳಿತು ಬಂದವರು ಅವರು. ಅವರ ಕೈ ಸೆರಗನ್ನು ಬಿಟ್ಟಿತು.

“ಮನುಷ್ಯರು ಹಾಕುವಂಥದ್ದಾ ಅಳಿಯ ಅದು? ಜೀಪಿನಲ್ಲಿ ನನ್ನ ತಲೆ ಸಿಡಿದು ಹೋಯ್ತು. ಅಲ್ಲಿ ಹೇಳಿದ್ರೆ ಚಂದ ಅಲ್ಲ ಅಂತ ಸುಮ್ಮನೆ ಇದ್ದೆ. ಈ ಹುಡುಗಿ ಹೇಗೆ ಸಹಿಸುದು ನಿಮ್ಮನ್ನು?”

ಮಂಚದಿಂದ ಸಣ್ಣ ಸ್ವರ ಬಂತು. “ನಾನು ಹೇಳಿ ಹೇಳಿ ಸಾಕಾಯ್ತು ದೊಡ್ಡಮ್ಮ. ನೀವಾದ್ರೂ ಸರಿಯಾಗಿ ಬೈಯಿರಿ.”

ಅಕ್ಕ ಈಚೆ ತಿರುಗಿದ್ದಳು. ದೊಡ್ಡಮ್ಮ ಸ್ಟೂಲನ್ನು ಮಂಚಕ್ಕೆ ತಾಗುವಷ್ಟು ಎಳೆದುಕೊಂಡು ಕುಳಿತರು. ಅಕ್ಕನ ತಲೆಯನ್ನು ತಮ್ಮ ಮಡಿಲಿನ ಕಡೆಗೆ ಎತ್ತಿಕೊಂಡು, ಉದುರಿ ಉಳಿದಿದ್ದ ಕೂದಲನ್ನು ಬೆರಳಿನಿಂದ ಬಿಡಿಸುತ್ತ, ಬಾಯಿಗೆ ಬಂದಂತೆ ಭಾವನನ್ನು ಬೈದರು. ಅವರಿಗೆ ಉಸಿರು ಸಾಲದಾದಾಗ ಅಕ್ಕ ಒಂದೆರಡು ಮಾತು ಸೇರಿಸಿದಳು. ಭಾವ ಬಾಗಿಲಿಗೆ ಒರಗಿ, ತಲೆ ತಗ್ಗಿಸಿ, ಒಂದನ್ನೂ ಅಲ್ಲಗಳೆಯದೆ ಕೇಳುತ್ತ ನಿಂತಿದ್ದರು.